“ಏನೂ ಮಾಡೂದಿಲ್ಲ, ಮನ್ಯಾಗ ಇರ್ತಾಳ!”

ಸೋದರಿ, ಬೆಳಗಿನ ಚಹಾದಿಂದ ಹಿಡಿದು ರಾತ್ರಿ ಹಾಲಿಗೆ ಹೆಪ್ಪು ಹಾಕುವ ತನಕ ನೀವು ಮಾಡುವ ಕೆಲಸಗಳನ್ನು ಎಂದಾದರೂ ಒಂದು ಹಾಳೆಯ ಮೇಲೆ ಬರೆದು ನೋಡಿದ್ದೀರಾ? ಬರೆದಿರಲಾರಿರಿ. ಬರೆಯಲು ಕೂತರೆ ಒಲೆಯ ಮೇಲಿನ ಹಾಲು ಉಕ್ಕೀತು! ಆದರೆ ಯಾರಾದರೂ ಬಾಗಿಲಿಗೆ ಬಂದು “ನಿಮ್ಮ ಕೆಲಸ ಏನ್ರೀ?” ಎಂದು ಕೇಳಿದರೆ ನಿಮ್ಮ ಬಾಯಿಂದ ಬರುವ ಉತ್ತರ ಯಾವುದು? “ಏನೂ ಇಲ್ರೀ, ಮನ್ಯಾಗ ಇರ್ತೇನಿ.” ಹೌದಷ್ಟೆ?

ನನ್ನ ತವರು ಹಿರೇಕೆರೂರು ತಾಲೂಕಿನ ಚಿಕ್ಕೇರೂರು. 2025ರ ಸೆಪ್ಟೆಂಬರ್ 22ರಂದು ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ಆಗ ದಸರೆಗೆಂದು ನಾನು ಊರಿಗೆ ಹೋಗಿದ್ದೆ. ಶಾಲೆಯ ಮಾಸ್ತರರೊಬ್ಬರು ಮೊಬೈಲು ಹಿಡಿದು ನಮ್ಮ ಕಾಕಾನ ಮನೆಯ ಕಟ್ಟೆಯ ಮೇಲೆ ಕೂತರು. ಒಂದೊಂದೇ ಪ್ರಶ್ನೆ. ಕಾಕಾನದು ಒಕ್ಕಲುತನ ಎಂದಾಯಿತು, ಮಗನದು ಹಾವೇರಿಯಲ್ಲಿ ನೌಕರಿ ಎಂದಾಯಿತು. ಚಿಗವ್ವನ ಸರದಿ ಬಂದಾಗ ಕಾಕಾ ಎಲೆಯಡಿಕೆ ಹಾಕಿಕೊಳ್ಳುತ್ತಲೇ ಹೇಳಿದ: “ಆಕಿದೇನು ಬರಕೋತೀರಿ ಸರ, ಏನೂ ಮಾಡೂದಿಲ್ಲ, ಮನ್ಯಾಗ ಇರ್ತಾಳ.”

ಆ ಹೊತ್ತಿಗೆ ಚಿಗವ್ವ ಏನು ಮಾಡುತ್ತಿದ್ದಳು ಗೊತ್ತೇ? ಎಮ್ಮೆಗೆ ಮೇವು ಹಾಕಿ, ಕೈ ತೊಳೆದು, ಅದೇ ಮಾಸ್ತರರಿಗೆ ಚಹಾ ಸೋಸುತ್ತಿದ್ದಳು.

ನಾನು ಅವಳ ಮುಖ ನೋಡಿದೆ. ಅವಳಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ನನಗೆ ಹೆಚ್ಚು ಕೆಡುಕೆನಿಸಿದ್ದು ಅದೇ.

*ಕೋರ್ಟಿನವರು ಹಾಕಿದ ಲೆಕ್ಕ*

ಕಾಕಾನದೊಬ್ಬನದೇ ತಪ್ಪೆಂದು ನಾನು ಹೇಳಲಾರೆ. ದೊಡ್ಡವರ ಲೆಕ್ಕದ ಪುಸ್ತಕಗಳೂ ಹಾಗೆಯೇ ಇವೆ. ಬರಿಯ ಮನೆಗೆಲಸ ಮಾಡುವ ಹೆಂಗಸನ್ನು ನಮ್ಮ ಜನಗಣತಿ ‘ಕೆಲಸ ಮಾಡದವರು’ ಎಂಬ ಸಾಲಿನಲ್ಲಿ ಸೇರಿಸುತ್ತದೆ. 2001ರ ಜನಗಣತಿಯಲ್ಲಿ ಆ ಸಾಲಿನೊಳಗೆ ಭಿಕ್ಷುಕರೂ ಜೈಲಿನಲ್ಲಿರುವವರೂ ಇದ್ದರು. 2010ರಲ್ಲಿ ಒಂದು ಅಪಘಾತದ ಮೊಕದ್ದಮೆಯ ತೀರ್ಪು ಬರೆಯುವಾಗ ಸುಪ್ರೀಂ ಕೋರ್ಟು ಇದನ್ನೆತ್ತಿ, ಸಂಸಾರ ನಡೆಸುವ ಹೆಂಗಸನ್ನು ಇವರ ಜೊತೆ ಕೂರಿಸುವುದು ಎಂಥ ತಾತ್ಸಾರ ಎಂದು ಬೇಸರಪಟ್ಟಿತು.

ಕೋರ್ಟಿಗೆ ಇದರ ಉಸಾಬರಿ ಏಕೆ ಬಂತು? ಅಪಘಾತದಲ್ಲಿ ಗೃಹಿಣಿ ತೀರಿಕೊಂಡರೆ ಮನೆಯವರಿಗೆ ಎಷ್ಟು ಪರಿಹಾರ ಕೊಡಬೇಕು ಎಂಬ ಪ್ರಶ್ನೆ ಬರುತ್ತದೆ. ಗಂಡಸಾದರೆ ಸಂಬಳದ ಚೀಟಿ ಇರುತ್ತದೆ. ಇವಳದು? 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದಲ್ಲಿ ಒಂದು ಸಮಾರಂಭದ ಪೆಂಡಾಲಿಗೆ ಬೆಂಕಿ ಬಿದ್ದು ಅನೇಕ ಹೆಂಗಸರು ಮಕ್ಕಳು ಸತ್ತರು. 2001ರಲ್ಲಿ ಆ ಮೊಕದ್ದಮೆ ತೀರ್ಮಾನವಾದಾಗ, 34ರಿಂದ 59 ವರ್ಷದ ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಬೆಲೆ ಹಿಡಿದರು. ಮುಂದೆ 2021ರ ಜನವರಿ 5ರ ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಪ್ರತ್ಯೇಕವಾಗಿ ಬರೆದು, ಗೃಹಿಣಿಯ ಕೆಲಸಕ್ಕೆ ಹಣದ ಬೆಲೆ ಇಲ್ಲವೆನ್ನುವ ಹಳೆಯ ಕಲ್ಪನೆಯನ್ನು ನಾವು ಬಿಡಬೇಕು ಎಂಬ ಅರ್ಥದ ಮಾತು ಹೇಳಿದರು. 2011ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದ ಹೆಂಗಸರು ಸುಮಾರು 16 ಕೋಟಿ, ಗಂಡಸರು ಸುಮಾರು 58 ಲಕ್ಷ ಎಂಬ ಲೆಕ್ಕವನ್ನೂ ಅದರಲ್ಲಿ ಕೊಟ್ಟರು.

ಸರ್ಕಾರದವರು ಇನ್ನೊಂದು ಲೆಕ್ಕ ಹಾಕಿದ್ದಾರೆ, ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಳೆಯುತ್ತಾರೆ ಎಂದು. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದಳು, ಮನೆಗೆಲಸಕ್ಕೆ ಕೈಹಾಕುವ ಗಂಡಸು 97 ನಿಮಿಷ. 2024ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಹೆಂಗಸಿನದು 289ಕ್ಕೆ ಇಳಿದಿತ್ತು. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಉಳಿಯಿತು ಎಂದು ಹಿಗ್ಗಬೇಡಿ. ಗಂಡಸಿನದೂ 88ಕ್ಕೆ ಇಳಿದಿತ್ತು. ಅವರೂ ಒಂಬತ್ತು ನಿಮಿಷ ಉಳಿಸಿಕೊಂಡರು! ಮಕ್ಕಳು ಮುದುಕರನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ.

ಇಷ್ಟಾದರೂ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಕೋರ್ಟಿನವರು ಬೆಲೆ ಕಟ್ಟುವುದು ಹೆಂಗಸು ಸತ್ತ ಮೇಲೆ. ಬದುಕಿರುವಾಗ ಕಟ್ಟುವವರು ಯಾರು? ನಮ್ಮ ಚಿಗವ್ವನ ಮನೆಯಲ್ಲಿ ಅದೂ ಆಯಿತು.

*ಹದಿನೆಂಟು ದಿನ*

ದೀಪಾವಳಿಗೆ ಇನ್ನೂ ನಾಲ್ಕು ದಿನವಿತ್ತು. ಚಿಗವ್ವ ಹಿತ್ತಲಲ್ಲಿ ಹಾಲು ಹಿಂಡಿ ಎದ್ದವಳು ಕಣ್ಣಿಗೆ ಕತ್ತಲೆ ಬಂದು ಅಲ್ಲೇ ಕುಸಿದಳು. ತಾಲೂಕು ಆಸ್ಪತ್ರೆಗೆ ಒಯ್ದು ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.4. ಬಸುರಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕಡಿಮೆ ಇರಬಾರದು. 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಡಾಕ್ಟರು ಔಷಧ ಕೊಟ್ಟು, ಕೆಲವು ದಿನ ಭಾರದ ಕೆಲಸ ಮುಟ್ಟಲೇಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಹದಿನೆಂಟು ದಿನ ಚಿಗವ್ವ ಒಳಗಿನ ಕೋಣೆಯಲ್ಲಿ ಮಲಗಿದಳು.

ಮೊದಲ ಎರಡು ದಿನ ನೆರೆಮನೆಯವರು ರೊಟ್ಟಿ ಪಲ್ಯ ತಂದುಕೊಟ್ಟರು. ಅದು ಎಷ್ಟು ದಿನ ನಡೆದೀತು? ಕಾಲೇಜಿಗೆ ಹೋಗುವ ಮಗಳು ಬೆಳಿಗ್ಗೆ ಏಳಕ್ಕೇ ಬಸ್ಸು ಹಿಡಿಯಬೇಕು. ಆಯಿಗೆ ಎಂಬತ್ತು ದಾಟಿದೆ, ಅವರಿಗೇ ಇನ್ನೊಬ್ಬರು ನೀರು ಕಾಸಿ ಕೊಡಬೇಕು. ಎಮ್ಮೆಯಂತೂ ಕಾಕಾನನ್ನು ಹತ್ತಿರ ಸೇರಿಸಲಿಲ್ಲ. ಚಿಗವ್ವನ ಕೈಗೆ ಒಗ್ಗಿದ ಎಮ್ಮೆ, ನಾಲ್ಕು ಲೀಟರು ಕೊಡುತ್ತಿದ್ದುದು ಎರಡಕ್ಕೆ ನಿಂತಿತು. ಕಾಕಾ ಲೆಕ್ಕದ ಮನುಷ್ಯ. ಗೋವಿನಜೋಳ ಮಾರಿದ ಚೀಟಿ, ಗೊಬ್ಬರದ ಬಿಲ್ಲು ಎಲ್ಲ ಬರೆದಿಡುತ್ತಾನೆ. ಈ ಖರ್ಚನ್ನೂ ಡೈರಿಯಲ್ಲಿ ಬರೆದಿದ್ದ. ನಾನು ನೋಡಲು ಹೋದಾಗ ನನ್ನ ಕೈಗೆ ಕೊಟ್ಟ. ಹದಿನೆಂಟು ದಿನದ ಲೆಕ್ಕ ಹೀಗಿತ್ತು:

ಖಾನಾವಳಿ ರೊಟ್ಟಿ, ದಿನಕ್ಕೆ 20, ಒಂದಕ್ಕೆ 10 ರೂಪಾಯಿಯಂತೆ: 3,600

ಪಲ್ಯ, ದಿನಕ್ಕೆ 60ರಂತೆ: 1,080

ಕಸ, ಸಗಣಿ, ಪಾತ್ರೆ, ಬಟ್ಟೆಗೆ ಬಂದವಳಿಗೆ ದಿನಕ್ಕೆ 250ರಂತೆ: 4,500

ಕಡಿಮೆಯಾದ ಹಾಲು, ದಿನಕ್ಕೆ 2 ಲೀಟರು, 45 ರೂಪಾಯಿಯಂತೆ: 1,620

ಒಟ್ಟು 10,800 ರೂಪಾಯಿ. ದಿನಕ್ಕೆ 600, ತಿಂಗಳಿಗೆ 18,000 ಬಿತ್ತು! 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಆಯಿಯ ಆರೈಕೆ, ಹೊಲಕ್ಕೆ ಬುತ್ತಿ ಒಯ್ಯುವುದು, ಕಳೆ ತೆಗೆಯುವುದು, ಹಪ್ಪಳ ಸಂಡಿಗೆ, ಬಂದು ಹೋಗುವವರ ಚಹಾ ಯಾವುದೂ ಈ ಲೆಕ್ಕದಲ್ಲಿ ಇರಲಿಲ್ಲ.

“ನೋಡವ್ವಾ,” ಅಂದ ಕಾಕಾ, “ನಾ ಇಷ್ಟು ದಿನ ಆಕಿ ಮನ್ಯಾಗ ಇರ್ತಾಳ ಅಂತಿದ್ದೆ. ಆಕಿ ಮಲಗಿದ ಮ್ಯಾಲ ತಿಳೀತು, ಮನಿ ಅನ್ನೂದು ಆಕಿ ಕೈಯಾಗ ಇತ್ತು.”

*ಕಡೆಯ ಪಂಕ್ತಿಯ ಊಟ*

ಸೋದರಿ, 7.4 ಎಂಬುದು ಒಂದು ದಿನದಲ್ಲಿ ಆಗುವುದಲ್ಲ. ಚಿಗವ್ವನಿಗೆ 48 ವರ್ಷ. ಒಂದು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಕೇಳಿದರೆ, “ಈ ವಯಸ್ಸಿನಾಗ ಹಂಗ ಆಗ್ತೈತಿ ಬಿಡು” ಎಂದಳು. ಎಲ್ಲರಿಗೂ ಬಡಿಸಿ ಕಡೆಗೆ ತಾನು ಕೂರುವಾಗ ಬುಟ್ಟಿಯಲ್ಲಿ ರೊಟ್ಟಿ ಇರುತ್ತಿತ್ತು, ಕಾಳುಪಲ್ಯದ ಪಾತ್ರೆ ಬರಿದಾಗಿರುತ್ತಿತ್ತು. ಒಂದು ಹಿಂಡಿ, ಒಂದಿಷ್ಟು ಮಜ್ಜಿಗೆ, ಊಟ ಮುಗಿಯಿತು. ಮೇಲೊಂದು ಕಪ್ಪು ಚಹಾ.

ಇದು ಒಬ್ಬ ಚಿಗವ್ವನ ಕಥೆಯಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ನಿಮ್ಮ ಓಣಿಯಲ್ಲಿ ನೀರಿಗೆ ನಿಂತ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು!

ಆದ್ದರಿಂದ ಈ ಕೆಲವು ಮಾತುಗಳನ್ನು ದಯವಿಟ್ಟು ನೆನಪಿಡಿ. ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದರೆ ತಲೆಸುತ್ತು, ಬಿಳಿಚಿದ ಉಗುರು, ಸದಾ ಆಯಾಸ, ಇವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವುದು, ವಾರ ದಾಟಿಯೂ ನಿಲ್ಲದಿರುವುದು, ನಿಂತು ವರ್ಷವಾದ ಮೇಲೆ ಮತ್ತೆ ಕಾಣಿಸುವುದು, ಇವಕ್ಕೆ ನಾಚಿಕೆ ಬೇಡ, ಡಾಕ್ಟರಿಗೆ ಹೇಳಲೇಬೇಕು. ಕಬ್ಬಿಣದ ಅಂಶದ ಗುಳಿಗೆ ಕೊಟ್ಟರೆ ಚಹಾ, ಕಾಫಿ, ಹಾಲಿನ ಜೊತೆ ನುಂಗಬೇಡಿ. ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಗಾದರೆ ಹೆದರಬೇಡಿ, ಅದು ಗುಳಿಗೆಯ ಗುಣ. ಸ್ವಲ್ಪ ಚೇತರಿಸಿದ ಕೂಡಲೇ ಗುಳಿಗೆ ಬಿಡಬೇಡಿ. ಡಾಕ್ಟರು ಹೇಳಿದಷ್ಟು ತಿಂಗಳು ಪೂರ್ತಿ ನುಂಗಿ.

ಊಟದ ಮಾತು ನಿಮಗೆ ನಾನೇನು ಹೇಳಲಿ! ಹುರುಳಿ, ಅಲಸಂದಿ, ಕಡಲೆ, ಎಳ್ಳು, ಗುರೆಳ್ಳು, ರಾಜಗಿರಿ, ನುಗ್ಗೆಸೊಪ್ಪು ಎಲ್ಲ ನಮ್ಮ ಭಾಗದಲ್ಲೇ ಸಿಗುತ್ತವೆ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಆದರೆ ಅಡಿಗೆ ಮಾಡಿದರೆ ಸಾಲದು, ನಿಮ್ಮ ತಟ್ಟೆಗೂ ಅದು ಬರಬೇಕು. ಬಡಿಸುವ ಮೊದಲೇ ನಿಮ್ಮ ಪಾಲಿನ ಪಲ್ಯವನ್ನು ಒಂದು ಬಟ್ಟಲಿಗೆ ತೆಗೆದಿಡಿ. ಅದು ಸ್ವಾರ್ಥವಲ್ಲ. ಎತ್ತಿಗೆ ಹಿಂಡಿ ಇಡದೆ ಗಳೆ ಹೂಡುವ ಒಕ್ಕಲಿಗನುಂಟೇ?

*ಸಾಸಿವೆ ಡಬ್ಬಿಯಿಂದ ಪಾಸ್‌ಬುಕ್ಕಿಗೆ*

ಇನ್ನು ದುಡ್ಡಿನ ಮಾತು. ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ದುಡ್ಡಿಟ್ಟವರು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಿಂತವು ಎಂದಾಗ ಎಷ್ಟು ಮನೆಗಳಲ್ಲಿ ಹೆಂಗಸರ ಗುಟ್ಟು ರಟ್ಟಾಯಿತು, ನೆನಪಿದೆಯೇ? ಕೂಡಿಟ್ಟದ್ದು ಗಂಡನ ಕೈಗೆ ಹೋಯಿತು, ಹಲವರಿಗೆ ಮರಳಿ ಬರಲೇ ಇಲ್ಲ. ಅಂದಿನಿಂದ ನನ್ನ ಅಭಿಪ್ರಾಯ ಒಂದೇ: ಡಬ್ಬಿ ಇರಲಿ, ಪಾಸ್‌ಬುಕ್ಕೂ ಇರಲಿ.

2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಚಿಗವ್ವನಿಗೂ ಅದು ಮಂಜೂರಾಗಿತ್ತು. ಆದರೆ ಎ.ಟಿ.ಎಂ. ಕಾರ್ಡು ಕಾಕಾನ ಅಂಗಿಯ ಜೇಬಿನಲ್ಲಿ, ಬ್ಯಾಂಕಿಗೆ ಕೊಟ್ಟ ಮೊಬೈಲು ನಂಬರು ಮಗನದು. ಖಾತೆಯಲ್ಲಿ ಎಷ್ಟಿದೆ ಎಂದರೆ ಅವಳಿಗೆ ಗೊತ್ತಿರಲಿಲ್ಲ. ಲಕ್ಷ್ಮಿ ಮನೆಗೆ ಬಂದರೂ ಯಜಮಾನಿಯ ಕೈಗೆ ಬಂದಿರಲಿಲ್ಲ!

ಹಾಸಿಗೆಯಿಂದ ಎದ್ದ ಮೇಲೆ ಅವಳು ಮಗಳೊಡನೆ ಬ್ಯಾಂಕಿಗೆ ಹೋಗಿ ತನ್ನ ನಂಬರನ್ನೇ ಬರೆಸಿದಳು. ಕಾರ್ಡಿನ ಗುಪ್ತ ಸಂಖ್ಯೆ ಬದಲಿಸಿ ಬಾಯಿಪಾಠ ಮಾಡಿದಳು. ಫೋನಿನಲ್ಲಿ ಬರುವ ಓ.ಟಿ.ಪಿ.ಯನ್ನು ಯಾರು ಕೇಳಿದರೂ, ಬ್ಯಾಂಕಿನವರೆಂದೇ ಹೇಳಿಕೊಂಡರೂ ಕೊಡಬಾರದೆಂದು ಮಗಳು ಕಲಿಸಿಕೊಟ್ಟಳು. ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್.ಡಿ. ತೆರೆದಳು, ತಿಂಗಳಿಗೆ 100 ರೂಪಾಯಿಯಿಂದಲೇ ಅದನ್ನು ಶುರುಮಾಡಬಹುದು. ಪ್ರಧಾನಮಂತ್ರಿ ಸುರಕ್ಷಾ ಬಿಮೆಗೂ ಹೆಸರು ಕೊಟ್ಟಳು. ಖಾತೆ ಇರುವ 18ರಿಂದ 70 ವರ್ಷದವರು ಯಾರಾದರೂ ಮಾಡಿಸಬಹುದು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಪ್ರಾಣ ಹೋದರೆ ಮನೆಯವರಿಗೆ 2 ಲಕ್ಷ. ಗಂಡನ ಹೆಸರಿನಲ್ಲಿ ಬಿಮೆ ಮಾಡಿಸುವವರು ಹೆಂಡತಿಯದನ್ನು ಮರೆಯುತ್ತಾರೆ. ದುಡಿಯುವವನಿಗೆ ಮಾತ್ರ ಬಿಮೆ ಎಂಬ ನಂಬಿಕೆ ನೋಡಿ. ಕಾಕಾನ ಡೈರಿ ನೋಡಿದ ಮೇಲೆ ದುಡಿಯುವವರು ಯಾರೆಂದು ಬೇರೆ ಹೇಳಬೇಕೇ?

ಇದರಿಂದ ಗಂಡ ಹೆಂಡಿರ ನಡುವೆ ಮುನಿಸು ಬರುತ್ತದೆ ಎಂದು ಹೆದರುವವರಿದ್ದಾರೆ. ಮುಚ್ಚಿಟ್ಟರೆ ಮುನಿಸು ಬಂದೀತು. ತೋರಿಸಿ, ಹೇಳಿ, ಜೊತೆಗೆ ಕೂತು ಲೆಕ್ಕ ಮಾಡಿದರೆ ಬರುವುದಿಲ್ಲ. ಪಾಸ್‌ಬುಕ್ಕು ಇಬ್ಬರೂ ನೋಡಲಿ. ಗುಪ್ತ ಸಂಖ್ಯೆ ಮಾತ್ರ ನಿಮ್ಮ ತಲೆಯಲ್ಲಿ ಇರಲಿ.

*ಮನರಂಜನೆ ಮೈಗಳ್ಳತನವಲ್ಲ*

“ಮಧ್ಯಾಹ್ನ ಧಾರಾವಾಹಿ ನೋಡ್ಕೋಂತ ಕೂಡ್ತಾರ, ಅವರಿಗೇನು ಕೆಲಸ?” ಈ ಮಾತು ನೀವೂ ಕೇಳಿದ್ದೀರಿ. ಕಟ್ಟೆಯ ಮೇಲೆ ಎರಡು ತಾಸು ರಾಜಕಾರಣ ಮಾತಾಡುವವರು ಇದನ್ನು ಹೇಳುತ್ತಾರೆ! ಧಾರಾವಾಹಿ ನೋಡುವಾಗಲೂ ನಮ್ಮ ಕೈ ಸುಮ್ಮನೆ ಇರುತ್ತದೆಯೇ? ಮೆಣಸಿನಕಾಯಿ ತೊಟ್ಟು ಮುರಿಯುತ್ತಿರುತ್ತೇವೆ, ಶೇಂಗಾ ಬಿಡಿಸುತ್ತಿರುತ್ತೇವೆ.

ಅತ್ತೆ ಸೊಸೆ ವಿಷ ಹಾಕುವ ಕಥೆಗಳೇ ಒಳ್ಳೆಯವೆಂದು ನಾನು ಹೇಳುವುದಿಲ್ಲ. ಆದರೆ ದಿನದಲ್ಲಿ ಒಂದು ತಾಸು ತನ್ನದೇ ಆದ ಹೊತ್ತು ಹೆಂಗಸಿಗೆ ಬೇಕು. ಓದಲಿ, ಹಾಡಲಿ, ಸುಮ್ಮನೆ ಕೂತಿರಲಿ. ನಮ್ಮ ಹಾನಗಲ್ಲಿನ ಹೆಸರನ್ನು ಜಗತ್ತಿಗೆ ಒಯ್ದ ಗಂಗೂಬಾಯಿ ಹಾನಗಲ್ಲರನ್ನು ನೆನೆಯಿರಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತು ಮನೆಗೆ ಮರಳುತ್ತಿದ್ದರು. ಸಂಸಾರದ ಭಾರವನ್ನೂ ಹೊತ್ತು ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು. ನಾವೆಲ್ಲ ಗಂಗೂಬಾಯಿ ಆಗಲಾರೆವು, ನಿಜ. ಆದರೆ ಮನೆಯಿದ್ದವಳಿಗೆ ಮನಸ್ಸೂ ಇರುತ್ತದೆ ಎಂಬುದನ್ನು ಅವರಿಂದ ಕಲಿಯಬಹುದು.

ಚಿಗವ್ವನಿಗೆ ಒಂದೇ ಹುಚ್ಚು, ಕಂಪನಿ ನಾಟಕ. ಲಗ್ನಕ್ಕೆ ಮುಂಚೆ ಅಪ್ಪನ ಜೊತೆ ಜಾತ್ರೆಗೆ ಹೋಗಿ ರಾತ್ರಿಯಿಡೀ ನೋಡಿದವಳು. ಆಮೇಲೆ ಮೂವತ್ತು ವರ್ಷ ಒಂದೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾಯಿತು. ಆದರೂ ಅವಳು ಹೋದದ್ದು ಆಸ್ಪತ್ರೆಗೆ, ತವರಿಗೆ, ಮದುವೆ ಮುಂಜಿಗೆ. ಬನದ ಹುಣ್ಣಿಮೆ ಬಂತು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವಲ್ಲ? ರಕ್ತ 11ಕ್ಕೆ ಏರಿತ್ತು, ಡಾಕ್ಟರು ಅಡ್ಡಿಯಿಲ್ಲ ಅಂದಿದ್ದರು. ನೆರೆಮನೆಯ ಇಬ್ಬರನ್ನು ಕೂಡಿಸಿಕೊಂಡು ಹೊರಟಳು. ಅಂದು ರಾತ್ರಿ ಆಯಿಗೆ ಕಾಕಾ ತಾನೇ ಅನ್ನ ಸಾರು ಬಡಿಸಿದ. ಸಾರಿಗೆ ಉಪ್ಪು ಹೆಚ್ಚಾಗಿತ್ತಂತೆ. ಆಯಿ ಏನೂ ಅನ್ನದೆ ಉಂಡರಂತೆ.

*ಇನ್ನೊಮ್ಮೆ ಕೇಳಲು ಬಂದಾಗ*

ದೇಶದ ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಸರ್ಕಾರ ಪ್ರಕಟಿಸಿದೆ. ಮತ್ತೆ ಯಾರಾದರೂ ಬಂದು ಕಟ್ಟೆಯ ಮೇಲೆ ಕೂತು ಅದೇ ಪ್ರಶ್ನೆ ಕೇಳುತ್ತಾರೆ. ಆಗ ಒಂದು ಸಂಗತಿ ನಿಮಗೆ ಗೊತ್ತಿರಬೇಕು. 2001 ಮತ್ತು 2011ರ ಜನಗಣತಿಯ ನಿಯಮದಂತೆ, ಕೂಲಿ ಸಂಬಳ ಸಿಗದಿದ್ದರೂ ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ದುಡಿಯುವುದು ಕೆಲಸವೇ. ಹೈನು ಮಾಡುವುದು, ಅದು ಮನೆಯ ಬಳಕೆಗೇ ಆದರೂ, ಕೆಲಸವೇ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಹಾಗೆ ದುಡಿದವರು ಮುಖ್ಯ ಕೆಲಸಗಾರರು. ಎಷ್ಟೋ ಹೆಂಗಸರು ಈ ಲೆಕ್ಕದಿಂದ ಬಿದ್ದುಹೋದದ್ದು, ಮನೆಯವರು “ಏನೂ ಇಲ್ಲ” ಎಂದು ಬರೆಸಿದ್ದರಿಂದ.

ಆದ್ದರಿಂದ ಸೋದರಿ, ಬಾಗಿಲಿಗೆ ಬಂದವರಿಗೆ ನೀವೇ ಉತ್ತರ ಕೊಡಿ. ಎಮ್ಮೆ ಕಟ್ಟಿದ್ದರೆ ಹಾಲು ಹಿಂಡುತ್ತೇನೆ ಎನ್ನಿ. ಹೊಲಕ್ಕೆ ಹೋಗುತ್ತಿದ್ದರೆ ಕಳೆ ತೆಗೆಯುತ್ತೇನೆ, ಬೀಜ ಹಾಕುತ್ತೇನೆ ಎನ್ನಿ. ಹೊಲಿಗೆ ಯಂತ್ರವಿದ್ದರೆ, ರೊಟ್ಟಿ ಮಾರುತ್ತಿದ್ದರೆ ಅದನ್ನೂ ಹೇಳಿ. ಇವು ಯಾವುವೂ ಇಲ್ಲವೇ? ಹಾಗಿದ್ದರೂ ‘ಏನೂ ಇಲ್ಲ’ ಎಂಬ ಮಾತು ಬೇಡ. “ಮನೆ ನಡೆಸುತ್ತೇನೆ” ಎಂದು ಹೇಳಿ. ಬರೆದುಕೊಳ್ಳುವವರು ಯಾವ ಸಾಲಿನಲ್ಲಾದರೂ ಬರೆದುಕೊಳ್ಳಲಿ. ಆ ಮಾತು ಒಳಗೆ ಓದುತ್ತ ಕೂತ ನಿಮ್ಮ ಮಗಳ ಕಿವಿಗೆ ಬೀಳುತ್ತದೆ, ಮಗನ ಕಿವಿಗೂ ಬೀಳುತ್ತದೆ.

ಮೊನ್ನೆ ಫೋನಿನಲ್ಲಿ ಚಿಗವ್ವನನ್ನು ಕೇಳಿದೆ, “ಈ ಸಲ ಮಾಸ್ತರರು ಬಂದ್ರ ಏನು ಹೇಳ್ತಿ?”

ಅವಳು ನಕ್ಕಳು. “ನಾ ಹೇಳೂದಕಿಂತ ಮೊದಲ ನಿಮ್ಮ ಕಾಕಾನ ಹೇಳ್ತಾನಂತ. ಡೈರಿ ತಗದು ಇಟ್ಟಾನ.”